ಹಲವು ಕೋಣೆಗಳಲ್ಲಿ ಒಂದೇ ದನಿ: ಮನೆಯಲ್ಲೇ ಕಟ್ಟಿಕೊಳ್ಳುವ ನಿಸ್ತಂತು ಧ್ವನಿವರ್ಧಕ

ಡೊಂಬಿವಲಿಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಒಂದು ಕನ್ನಡ ಕುಟುಂಬ. ಹಜಾರ, ಅಡಿಗೆಮನೆ, ಎರಡು ಕೋಣೆ. ಧಾರವಾಡದ ಕಡೆಯಿಂದ ಮಗನ ಮನೆಗೆ ಬಂದು ನೆಲೆಸಿರುವ 78 ವರ್ಷದ ತಾಯಿಗೆ ಒಳಗಿನ ಕೋಣೆ ಮೀಸಲು. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾದಾಗ ಅವರು ತೊದಲು ಮಾತಿನ ಮಗು. ಬುದ್ಧಿ ಬಂದಂದಿನಿಂದ ಬೆಳಗಿನ ವಾರ್ತೆ, ದಾಸರ ಪದ, ಸಂಜೆಯ ಕೃಷಿಕರ ಕಾರ್ಯಕ್ರಮ ಇವೇ ಅವರ ದಿನದ ಗಡಿಯಾರ. ಮುಂಬಯಿಗೆ ಬಂದ ಮೇಲೆಯೂ ಮಗ ಅಂತರ್ಜಾಲದ ಮೂಲಕ ಕನ್ನಡ ಪ್ರಸಾರವನ್ನು ಹಿಡಿದು ಹಜಾರದ ಸ್ಪೀಕರಿನಲ್ಲಿ ಹಚ್ಚಿಕೊಡುತ್ತಿದ್ದ.

ಕ್ರಮೇಣ ತಾಯಿಗೆ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ದನಿ ಏರಿಸಿದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಓದುವ ಮೊಮ್ಮಗನಿಗೆ ತೊಂದರೆ. ಗೋಡೆಯಾಚೆಯ ನೆರೆಯವರ ಗೊಣಗಾಟ ಬೇರೆ. ಒಂದು ದಿನ ಅವರೇ “ಸಾಕು ಬಿಡಪಾ, ಇನ್ನ ರೇಡಿಯೋ ಹಚ್ಚಬ್ಯಾಡ” ಎಂದು ಹೇಳಿ ಒಳಗೆ ಹೋಗಿ ಕುಳಿತರು. ಹಾಗೆ ಹೇಳಿದ್ದು ಬೇಸರದಿಂದಲ್ಲ, ತನ್ನಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದೆಂಬ ಸಂಕೋಚದಿಂದ ಎಂಬುದು ಮನೆಯವರಿಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ಊಟದ ಹೊತ್ತಿನ ಮಾತುಕತೆಗೂ ಹೊರಗೆ ಬರುವುದನ್ನು ಕಡಿಮೆ ಮಾಡಿದ್ದರು.

ಬಿ.ಕಾಂ. ಓದುತ್ತಿರುವ ಮೊಮ್ಮಗಳು ತಂದೆಯ ನೆರವಿನಿಂದ ಈ ಮನೆಯ ಮೂರು ಕಡೆ ಮೂರು ಪುಟ್ಟ ನಿಸ್ತಂತು ಧ್ವನಿವರ್ಧಕಗಳನ್ನು ಕಟ್ಟಿ ಕೂರಿಸಿದಳು. ಇಬ್ಬರಲ್ಲಿ ಯಾರೂ ಎಂಜಿನಿಯರಿಂಗ್ ಓದಿದವರಲ್ಲ. ಆ ಸಾಧನವನ್ನು ಕಟ್ಟುವ ಬಗೆಯನ್ನೂ, ಅದರಲ್ಲಿ ನಿಜವಾದ ತೊಡಕು ಎಲ್ಲಿದೆ ಎಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ತೊಡಕು ತಂತಿ ಬೆಸೆಯುವುದರಲ್ಲಿಲ್ಲ, ಗಡಿಯಾರಗಳನ್ನು ಹೊಂದಿಸುವುದರಲ್ಲಿದೆ.

ಕಿವಿಗೆ ಬೇಕಾದದ್ದೇನು?

ವಯಸ್ಸಾದಂತೆ ಕಿವಿ ಮಂದವಾಗುವುದು ಸಾಮಾನ್ಯ. ಆದರೆ ಎಲ್ಲ ದನಿಗಳಿಗೂ ಅದು ಸಮನಾಗಿ ಮಂದವಾಗುವುದಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಅಂಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳ ಪೈಕಿ ಹೆಚ್ಚು ಕಂಪನಾಂಕದ ದನಿಗಳನ್ನು ಗ್ರಹಿಸುವಂಥವು ಸಾಮಾನ್ಯವಾಗಿ ಮೊದಲು ನಶಿಸುತ್ತವೆ. ನಶಿಸಿದವು ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಸ್ವರಗಳು ಕಡಿಮೆ ಕಂಪನಾಂಕದವು, ಬಲವಾದವು. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಬಹುಪಾಲು ಹೆಚ್ಚಿನ ಕಂಪನಾಂಕಗಳಲ್ಲಿದೆ. ಅವು ಸ್ವಭಾವತಃ ದುರ್ಬಲ. ಆದುದರಿಂದ ವೃದ್ಧರಿಗೆ ‘ಸಾಕು’ ಎಂದದ್ದು ‘ತಾಕು’ ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ. ದನಿ ಏರಿಸಿದಾಗ ಮೊದಲೇ ಬಲವಾಗಿದ್ದ ಸ್ವರಗಳು ಮತ್ತಷ್ಟು ಅಬ್ಬರಿಸುತ್ತವೆ. ಗದ್ದಲ ಹೆಚ್ಚುತ್ತದೆ, ಅರ್ಥ ಅಷ್ಟಾಗಿ ಹೆಚ್ಚುವುದಿಲ್ಲ.

ಇದರ ಜೊತೆಗೆ ದೂರದ ಲೆಕ್ಕವೂ ಸೇರುತ್ತದೆ. ಮೂಲದಿಂದ ನೇರವಾಗಿ ಬರುವ ದನಿ, ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಕೋಣೆಯ ಗೋಡೆ, ನೆಲ, ಮಾಡುಗಳಿಂದ ಪ್ರತಿಫಲಿಸಿ ಬರುವ ದನಿ ಮಾತ್ರ ಹಾಗೆ ಕುಗ್ಗದೆ ಎಲ್ಲೆಡೆ ತುಂಬಿಕೊಂಡಿರುತ್ತದೆ. ಕಾಂಕ್ರೀಟಿನ ಗೋಡೆ, ಹೆಂಚಿನ ನೆಲದ ನಮ್ಮ ಮಹಾನಗರದ ಮನೆಗಳಲ್ಲಿ ದೂರ ಕುಳಿತವರಿಗೆ ನೇರ ದನಿ ಕಡಿಮೆ, ಪ್ರತಿಫಲನದ ಗೊಂದಲ ಹೆಚ್ಚು. 4 ಮೀಟರ್ ದೂರದಲ್ಲಿರುವ ಸ್ಪೀಕರನ್ನು 1 ಮೀಟರಿಗೆ ತಂದರೆ ನೇರ ದನಿ 12 ಡೆಸಿಬೆಲ್ ಏರುತ್ತದೆ. ಎಂದರೆ ಮೊದಲಿನ ಶಕ್ತಿಯ 16ರಲ್ಲಿ ಒಂದು ಪಾಲು ಶಕ್ತಿಯಿಂದಲೇ ಅಷ್ಟು ನೇರ ದನಿಯನ್ನು ಕಿವಿಗೆ ಮುಟ್ಟಿಸಬಹುದು. ಒಂದು ದೊಡ್ಡ ಸ್ಪೀಕರಿನ ಬದಲು ಕೋಣೆಗೊಂದರಂತೆ ಸಣ್ಣ ಸ್ಪೀಕರು, ಕೇಳುವವರ ಹತ್ತಿರ, ಮೆಲುದನಿಯಲ್ಲಿ ಎಂಬುದೇ ಈ ಇಡೀ ಯೋಜನೆಯ ತಿರುಳು. ನೆರೆಯವರಿಗೂ ಮೊಮ್ಮಗನಿಗೂ ಅದರಿಂದ ನೆಮ್ಮದಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವುದು ತಪ್ಪಾದೀತು. ಯಾವ ಸ್ಪೀಕರೂ ಶ್ರವಣ ಪರೀಕ್ಷೆಗೆ ಪರ್ಯಾಯವಲ್ಲ. ಕಿವಿ ಮಂದವಾಗಿದೆ ಎನಿಸಿದ ಕೂಡಲೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸತಕ್ಕದ್ದು. ಎಷ್ಟೋ ವೇಳೆ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ. ಒಂದು ಕಿವಿ ಹಠಾತ್ತಾಗಿ, ಒಂದೆರಡು ದಿನಗಳಲ್ಲೇ ಕೇಳಿಸದಂತಾದರೆ ಅದನ್ನು ತುರ್ತು ಎಂದೇ ಭಾವಿಸಬೇಕು. ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. ಮುಂಬಯಿಯವರಿಗೆ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರಿಗೆ ಹೋದಾಗ ತೋರಿಸಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗ 2017ರಿಂದಲೂ ತನ್ನ ವರದಿಗಳಲ್ಲಿ ಶ್ರವಣದೋಷವನ್ನು ಮರೆವಿನ ರೋಗದ ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಸೇರಿಸುತ್ತ ಬಂದಿದೆ. ಕೇಳಿಸದವರು ಮೂಲೆ ಸೇರುವುದನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವಂತಿಲ್ಲ. ಡೊಂಬಿವಲಿಯ ಅಜ್ಜಿಗೂ ಮೊದಲು ನಡೆದದ್ದು ತಪಾಸಣೆಯೇ. ಶ್ರವಣಯಂತ್ರವೂ ಬಂದಿತು. ಆದರೆ ಶ್ರವಣಯಂತ್ರವೂ ಹತ್ತಿರದ ದನಿಯನ್ನು ಚೆನ್ನಾಗಿ ಹಿಡಿದಷ್ಟು ದೂರದ ದನಿಯನ್ನು ಹಿಡಿಯುವುದಿಲ್ಲ.

ಸಾಮಗ್ರಿ

ಈ ಸಾಧನದ ಹೃದಯ ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಬೋರ್ಡು. ಶಾಂಘೈ ನಗರದ ಎಸ್‌ಪ್ರೆಸಿಫ್ ಸಂಸ್ಥೆ 2016ರಲ್ಲಿ ಹೊರತಂದ ಈ ಚಿಪ್ಪಿನಲ್ಲಿ ಲೆಕ್ಕ ಮಾಡುವ ಎರಡು ಮಿದುಳುಗಳು, 520 ಕಿಲೋಬೈಟ್ ಸ್ಮರಣಶಕ್ತಿ ಮತ್ತು ವೈಫೈ ಮೂರೂ ಬೆರಳಗಲದಲ್ಲಿ ಅಡಕವಾಗಿವೆ. ಹೆಚ್ಚುವರಿ ಸ್ಮರಣೆಯ ಚಿಪ್ಪನ್ನೂ ಹೊಂದಿರುವ ‘ವ್ರೋವರ್’ ಮಾದರಿಯನ್ನೇ ಕೇಳಿ ತರಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ. ಇದರ ಜೊತೆಗೆ ಮ್ಯಾಕ್ಸ್98357ಎ ಎಂಬ ಅಂಚೆಚೀಟಿಯ ಗಾತ್ರದ ಆಂಪ್ಲಿಫೈಯರ್. ಅಂಕಿಗಳ ರೂಪದಲ್ಲಿ ಬಂದ ದನಿಯನ್ನು ವಿದ್ಯುತ್ತಿನ ಅಲೆಯನ್ನಾಗಿ ಮಾರ್ಪಡಿಸಿ, ಬಲಗೊಳಿಸಿ, 4 ಓಮ್‌ನ ಸ್ಪೀಕರಿಗೆ ಸುಮಾರು 3 ವ್ಯಾಟ್‌ವರೆಗೆ ಕೊಡಬಲ್ಲದು. ಮಲಗುವ ಕೋಣೆಗೆ ಅರ್ಧ ವ್ಯಾಟೇ ಧಾರಾಳ. ಮೂರಂಗುಲದ ಸ್ಪೀಕರು, 5 ವೋಲ್ಟ್ 2 ಆಂಪಿಯರಿನ ಅಡಾಪ್ಟರು, ಒಂದು ಕೆಪಾಸಿಟರು, ಒಂದಿಷ್ಟು ತಂತಿ. ಇಷ್ಟೆ.

ಇವೆಲ್ಲ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲೋ, ಹೈದರಾಬಾದಿನ ಕೋಠಿಯಲ್ಲೋ, ದೆಹಲಿಯ ಲಜಪತ್ ರಾಯ್ ಮಾರುಕಟ್ಟೆಯಲ್ಲೋ ದೊರೆಯುತ್ತವೆ. ಡೊಂಬಿವಲಿಯ ಮನೆಯವರು ಬರೆದಿಟ್ಟ ಲೆಕ್ಕದಂತೆ ಮೂರು ಬೋರ್ಡುಗಳಿಗೆ 2,100 ರೂಪಾಯಿ, ಆಂಪ್ಲಿಫೈಯರುಗಳಿಗೆ 750, ಸ್ಪೀಕರುಗಳಿಗೆ 600, ಅಡಾಪ್ಟರುಗಳಿಗೆ 900, ಒಟ್ಟು 4,350 ರೂಪಾಯಿ. ತಂತಿ ಮನೆಯಲ್ಲೇ ಇತ್ತು. ಪೆಟ್ಟಿಗೆಗೆ ಖರ್ಚಿಲ್ಲ: ಒಂದು ಹಳೆಯ ಮರ್ಫಿ ರೇಡಿಯೋದ ಕವಚಕ್ಕೆ, ಇನ್ನೆರಡು ಸಿಹಿತಿಂಡಿಯ ಮರದ ಡಬ್ಬಿಗಳಿಗೆ.

ಹಳಬರಿಗೆ ನೆನಪಿರಬಹುದು, ಒಂದು ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಲು ಅಂಚೆಕಚೇರಿಯಿಂದ ಲೈಸೆನ್ಸಿನ ಪುಸ್ತಕ ಪಡೆದು ವರ್ಷವರ್ಷವೂ ಹಣ ಕಟ್ಟಿ ಮೊಹರು ಹಾಕಿಸಬೇಕಾಗಿತ್ತು. ಇಂದು ಮನೆಯೊಳಗೆ ಸ್ವತಃ ಒಂದು ಪುಟ್ಟ ಪ್ರಸಾರವನ್ನೇ ನಡೆಸಿದರೂ ಯಾರ ಅಪ್ಪಣೆಯೂ ಬೇಕಿಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಭಾರತ ಸರ್ಕಾರ ಅಲ್ಪಶಕ್ತಿಯ ಉಪಕರಣಗಳ ಮಟ್ಟಿಗೆ 2005ರ ನಿಯಮಗಳ ಮೂಲಕ ಲೈಸೆನ್ಸಿನಿಂದ ಮುಕ್ತಗೊಳಿಸಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದರು, ಮನೆಯಲ್ಲಿ ಪ್ರಸಾರದ ಕೆಲಸಕ್ಕೆ ಕೈಹಾಕಲು ಎಂಜಿನಿಯರೇ ಆಗಬೇಕೆಂಬ ನಿಯಮ ಕನ್ನಡನಾಡಿನಲ್ಲಿ ಎಂದೂ ಇರಲಿಲ್ಲ.

ಒಂದೇ ವಾರ್ತೆ ಎರಡು ಸಲ

ಮೊಮ್ಮಗಳ ಮೊದಲ ಪ್ರಯತ್ನ ಸರಳವಾಗಿತ್ತು. ಪ್ರತಿಯೊಂದು ಬೋರ್ಡೂ ತಾನೇ ಅಂತರ್ಜಾಲಕ್ಕೆ ಹೋಗಿ ಆಕಾಶವಾಣಿಯ ಪ್ರಸಾರವನ್ನು ಹಿಡಿದು ನುಡಿಸುವಂತೆ ತಂತ್ರಾಂಶ ತುಂಬಿದಳು. ಒಂದೊಂದಾಗಿ ಪರೀಕ್ಷಿಸಿದಾಗ ಎಲ್ಲವೂ ಸರಿ. ಮೂರನ್ನೂ ಒಟ್ಟಿಗೆ ಹಚ್ಚಿದ ದಿನ ಬೆಳಿಗ್ಗೆ ಒಳಗಿನಿಂದ ಅಜ್ಜಿಯ ಪ್ರಶ್ನೆ ಬಂದಿತು: “ಯಾಕವಾ, ಇವತ್ತ ವಾರ್ತಾ ಎರಡೆರಡು ಸಲ ಓದಲಿಕತ್ತಾರ?”

ಹಜಾರದ ಸ್ಪೀಕರು ಓದಿ ಮುಗಿಸಿದ ವಾಕ್ಯವನ್ನು ಕೋಣೆಯ ಸ್ಪೀಕರು ನಾಲ್ಕು ಸೆಕೆಂಡಿನ ಮೇಲೆ ಓದುತ್ತಿತ್ತು. ಪ್ರತಿಯೊಂದು ಬೋರ್ಡೂ ಬೇರೆ ಬೇರೆ ಕ್ಷಣದಲ್ಲಿ ಸಂಪರ್ಕ ಪಡೆದು, ತನಗೆ ಬೇಕಾದಷ್ಟು ದಾಸ್ತಾನು ಮಾಡಿಕೊಂಡು ನುಡಿಸಲಾರಂಭಿಸಿದ್ದೇ ಇದಕ್ಕೆ ಕಾರಣ. ಕಿವಿ ಚುರುಕಾಗಿದ್ದವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಗಮನ ಕೊಟ್ಟಾರು. ಮಂದವಾದ ಕಿವಿಗೆ ಇದು ಸ್ಪೀಕರೇ ಇಲ್ಲದ್ದಕ್ಕಿಂತ ಹೆಚ್ಚಿನ ಕಷ್ಟ.

ಎಷ್ಟು ವ್ಯತ್ಯಾಸವನ್ನು ಕಿವಿ ಸಹಿಸುತ್ತದೆ? ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಇದನ್ನು ಅಧ್ಯಯನ ಮಾಡಿದನು. ಒಂದೇ ಮಾತು ಎರಡು ಕಡೆಯಿಂದ ಬಂದಾಗ, ಅಂತರ ಸುಮಾರು 30 ಮಿಲಿಸೆಕೆಂಡಿನೊಳಗಿದ್ದರೆ ಮಿದುಳು ಎರಡನ್ನೂ ಬೆಸೆದು ಒಂದೇ ದನಿಯೆಂದು ತಿಳಿಯುತ್ತದೆ; ಮೊದಲು ತಲುಪಿದ ದಿಕ್ಕಿನಿಂದಲೇ ದನಿ ಬಂದಂತೆ ಭಾಸವಾಗುತ್ತದೆ. ಅಂತರ ಅದಕ್ಕಿಂತ ಬೆಳೆದಂತೆ ಎರಡನೆಯದು ಪ್ರತಿಧ್ವನಿಯಾಗಿ ಬೇರ್ಪಡುತ್ತದೆ. ದಾದರ್ ನಿಲ್ದಾಣದಲ್ಲಿ ನಿಂತವರಿಗೆ ಇದರ ಅನುಭವ ನಿತ್ಯದ್ದು. ವಾಯುವಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಪ್ಲಾಟ್‌ಫಾರಂನ ಒಂದು ಧ್ವನಿವರ್ಧಕ ತಲೆಯ ಮೇಲೆ, ಇನ್ನೊಂದು 30 ಮೀಟರ್ ಆಚೆ ಇದ್ದರೆ ಎರಡನೆಯದರ ದನಿ ಸುಮಾರು 87 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಆದುದರಿಂದಲೇ ಪ್ರಕಟಣೆಯ ಮೇಲೆ ಪ್ರಕಟಣೆ ಹತ್ತಿ, ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂಬುದು ಪಕ್ಕದವರನ್ನು ಕೇಳಿ ತಿಳಿಯಬೇಕಾಗುತ್ತದೆ. ಮನೆಯಲ್ಲಿ ದೂರ ಕಡಿಮೆ. ಮೀಟರಿಗೆ 3 ಮಿಲಿಸೆಕೆಂಡಿನಂತೆ ಹತ್ತು ಮೀಟರಿಗೂ 30 ದಾಟುವುದಿಲ್ಲ. ಆದರೆ ಆ ಮಿತಿಯನ್ನು ದೂರವೇ ತಿಂದುಹಾಕುವುದರಿಂದ ಯಂತ್ರಗಳ ಪಾಲಿಗೆ ಉಳಿಯುವುದು ಕೆಲವೇ ಮಿಲಿಸೆಕೆಂಡುಗಳು.

ಗಡಿಯಾರಗಳ ಹೊಂದಾಣಿಕೆ

ಎಲ್ಲ ಬೋರ್ಡುಗಳನ್ನೂ ಒಂದೇ ಕ್ಷಣದಲ್ಲಿ ಆರಂಭಿಸಿಬಿಟ್ಟರೆ ಸಾಲದೇ ಎಂದು ಯಾರಿಗಾದರೂ ಅನಿಸಬಹುದು. ಸಾಲದು. ಅಂಕಿರೂಪದ ಸಂಗೀತವೆಂದರೆ ದನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟ ಕಡತ. ಬೋರ್ಡು ತನ್ನೊಳಗಿನ ಸ್ಫಟಿಕದ ಕಂಪನವನ್ನು ಎಣಿಸುತ್ತ ಸೆಕೆಂಡಿಗೆ ಅಷ್ಟೇ ಅಳತೆಗಳನ್ನು ಸ್ಪೀಕರಿಗೆ ಕೊಡಬೇಕು. ಆದರೆ ಯಾವ ಎರಡು ಸ್ಫಟಿಕಗಳೂ ಒಂದೇ ಸಮನಾಗಿ ಕಂಪಿಸುವುದಿಲ್ಲ. ಅಗ್ಗದ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ದೋಷ ಸಾಧಾರಣ. ಕೇಳಲು ಇದು ನಗಣ್ಯ. ಲೆಕ್ಕ ಹಾಕಿದರೆ ಗಂಟೆಯ 3,600 ಸೆಕೆಂಡಿಗೆ 72 ಮಿಲಿಸೆಕೆಂಡ್. ಒಂದು ಬೋರ್ಡು ಅಷ್ಟು ಮುಂದೆ, ಇನ್ನೊಂದು ಅಷ್ಟು ಹಿಂದೆ ಓಡಿದರೆ ಗಂಟೆಗೆ 144. ಕಛೇರಿಯ ಆರಂಭದ ವರ್ಣಕ್ಕೆ ಒಂದಾಗಿದ್ದ ಎರಡು ಸ್ಪೀಕರುಗಳು ತನಿಯಾವರ್ತನದ ಹೊತ್ತಿಗೆ ಪರಸ್ಪರ ಜಗಳವಾಡುತ್ತಿರುತ್ತವೆ. ದಿನಕ್ಕೊಂದು ಪೈಸೆ ತಪ್ಪಿದ ಖಾತೆ ವರ್ಷಾಂತ್ಯಕ್ಕೆ ತಾಳೆಯಾಗದಿರುವಂತೆ, ಇಲ್ಲಿಯೂ ಆಗಾಗ ತಾಳೆ ನೋಡುವುದೊಂದೇ ದಾರಿ.

ಈ ಕೆಲಸಕ್ಕೆಂದೇ ಇರುವ ತಂತ್ರಾಂಶ ಸ್ನ್ಯಾಪ್‌ಕಾಸ್ಟ್. ಇದು ಉಚಿತ, ಮೂಲಪಾಠವೂ ಬಹಿರಂಗ. ಮನೆಯ ಒಂದು ಗಣಕ ಯಜಮಾನನಾಗುತ್ತದೆ. ಅದು ಸಂಗೀತವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದರ ಮೇಲೂ ಕಾಲದ ಮೊಹರು ಒತ್ತಿ, ವೈಫೈ ಮೂಲಕ ಎಲ್ಲ ಬೋರ್ಡುಗಳಿಗೂ ರವಾನಿಸುತ್ತದೆ. ಬೋರ್ಡು ಬಂದದ್ದನ್ನು ಬಂದ ಕೂಡಲೇ ನುಡಿಸುವುದಿಲ್ಲ. ಮೊಹರಿನ ಕಾಲದಿಂದ ಸುಮಾರು ಒಂದು ಸೆಕೆಂಡು ಕಳೆಯುವವರೆಗೆ ದಾಸ್ತಾನಿನಲ್ಲಿಟ್ಟು ಆಮೇಲೆ ನುಡಿಸುತ್ತದೆ. ಒಂದು ತುಣುಕು ಅಡಿಗೆಮನೆಗೆ 5 ಮಿಲಿಸೆಕೆಂಡಿನಲ್ಲಿ, ಒಳಕೋಣೆಗೆ 200 ಮಿಲಿಸೆಕೆಂಡಿನಲ್ಲಿ ತಲುಪಿದರೂ ಹೊರಬರುವುದು ಒಂದೇ ಕ್ಷಣಕ್ಕೆ. ಎರಡು ಮಾರ್ಗಗಳ 16 ಅಂಕಿಯ ಅಳತೆಗಳಿಗೆ ಸೆಕೆಂಡೊಂದಕ್ಕೆ 1,76,400 ಬೈಟ್ ಸ್ಥಳ ಬೇಕು. ಬೋರ್ಡಿನ 520 ಕಿಲೋಬೈಟಿನಲ್ಲಿ ವೈಫೈ ಮುಂತಾದ ಇತರ ಕಾರ್ಯಗಳೂ ನಡೆಯಬೇಕಾದ್ದರಿಂದ ಇಕ್ಕಟ್ಟಾಗುತ್ತದೆ. ವ್ರೋವರ್ ಮಾದರಿಯನ್ನೇ ತರಬೇಕೆಂದು ಹೇಳಿದ್ದು ಇದಕ್ಕಾಗಿ.

ಆದರೆ ಯಜಮಾನನ ಮೊಹರಿನ ಕಾಲ ಬೋರ್ಡಿಗೆ ಅರ್ಥವಾಗಬೇಕಾದರೆ ತನ್ನ ಗಡಿಯಾರಕ್ಕೂ ಯಜಮಾನನ ಗಡಿಯಾರಕ್ಕೂ ಇರುವ ಅಂತರ ಗೊತ್ತಿರಬೇಕು. ಕೇಳಿ ತಿಳಿಯೋಣವೆಂದರೆ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲೇ ಕಾಲ ಸರಿದಿರುತ್ತದೆ. ಮುಂಬಯಿಯಿಂದ ಧಾರವಾಡಕ್ಕೆ ಕಾಗದ ಬರೆದು ‘ಈಗ ಗಂಟೆಯೆಷ್ಟು’ ಎಂದು ಕೇಳಿದಂತೆ. ಉಪಾಯವಿರುವುದು ಅಂಚೆಯ ಮೊಹರುಗಳಲ್ಲಿ. ಹೊರಟ ವೇಳೆ, ಅಲ್ಲಿ ಮುಟ್ಟಿದ ವೇಳೆ, ಉತ್ತರ ಹೊರಟ ವೇಳೆ, ಇಲ್ಲಿ ಮುಟ್ಟಿದ ವೇಳೆ ಈ ನಾಲ್ಕು ಮೊಹರುಗಳು ಸಿಕ್ಕರೆ ಅಂತರ ತಾನಾಗಿ ಹೊರಬೀಳುತ್ತದೆ.

ಒಂದು ಉದಾಹರಣೆ. ಬೋರ್ಡು ತನ್ನ ಗಡಿಯಾರದಲ್ಲಿ 10.000 ಸೆಕೆಂಡ್ ಇದ್ದಾಗ ಕೇಳಿತು. ಯಜಮಾನನಿಗೆ ಅದು ಮುಟ್ಟಿದ್ದು ಯಜಮಾನನ ಗಡಿಯಾರದಲ್ಲಿ 12.004ಕ್ಕೆ. ಉತ್ತರ ಹೊರಟದ್ದು 12.005ಕ್ಕೆ. ಬೋರ್ಡಿಗೆ ಬಂದು ಸೇರಿದ್ದು ಬೋರ್ಡಿನ ಗಡಿಯಾರದಲ್ಲಿ 10.007ಕ್ಕೆ. ಹೋಗುವಾಗ ಕಂಡ ವ್ಯತ್ಯಾಸ 2.004; ಅದರಲ್ಲಿ ಗಡಿಯಾರದ ಅಂತರದ ಜೊತೆ ಪ್ರಯಾಣದ ಕಾಲವೂ ಕೂಡಿಕೊಂಡಿದೆ. ಬರುವಾಗ ಕಂಡ ವ್ಯತ್ಯಾಸ 12.005ರಲ್ಲಿ 10.007 ಕಳೆದರೆ 1.998, ಇದರಲ್ಲಿ ಪ್ರಯಾಣದ ಕಾಲ ಕಳೆದುಹೋಗಿದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಪ್ರಯಾಣ ವಜಾ ಆಗಿ 2.001 ಉಳಿಯುತ್ತದೆ. ಅದೇ ನಿಜವಾದ ಅಂತರ. ಪ್ರಯಾಣಕ್ಕೆ ಹಿಡಿದದ್ದು ಎರಡೂ ಕಡೆ ಸೇರಿ 6 ಮಿಲಿಸೆಕೆಂಡ್ ಎಂಬುದೂ ಇದರಿಂದಲೇ ತಿಳಿಯುತ್ತದೆ. ಡೇವಿಡ್ ಮಿಲ್ಸ್ ಎಂಬ ಅಮೆರಿಕದ ವಿಜ್ಞಾನಿ 1985ರಲ್ಲಿ ಪ್ರಕಟಿಸಿದ ಅಂತರ್ಜಾಲದ ಕಾಲಮಾನ ಪದ್ಧತಿಯಲ್ಲಿ ಇರುವುದೂ ಇದೇ ಲೆಕ್ಕ.

ಹೋಗುವ ದಾರಿಗೂ ಬರುವ ದಾರಿಗೂ ಹಿಡಿಯುವ ಕಾಲ ಸಮವೆಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ವೈಫೈಯಲ್ಲಿ ಪ್ರತಿಸಲವೂ ಹಾಗಿರುವುದಿಲ್ಲ. ಆದಕಾರಣ ಬೋರ್ಡು ಒಂದೇ ಸಲ ಕೇಳಿ ಸುಮ್ಮನಾಗದೆ ಮತ್ತೆ ಮತ್ತೆ ಕೇಳಿ, ಬಂದ ಉತ್ತರಗಳ ನಡುವಿನ ಮೌಲ್ಯವನ್ನು ಸ್ವೀಕರಿಸುತ್ತದೆ. ಒಂದೆರಡು ವಿಪರೀತ ಉತ್ತರಗಳಿಂದ ಅದು ಕೆಡುವುದಿಲ್ಲ.

ಅಂತರ ಗೊತ್ತಾದ ಮೇಲೆ ಸ್ಫಟಿಕದ ಓಟವನ್ನು ತಿದ್ದುವುದು ಸುಲಭ. ಹತ್ತು ಲಕ್ಷಕ್ಕೆ 20 ಎಂದರೆ 50,000ಕ್ಕೆ ಒಂದು. ಬೋರ್ಡು ಸುಮಾರು 1.13 ಸೆಕೆಂಡಿಗೊಮ್ಮೆ ಒಂದೇ ಒಂದು ಅಳತೆಯನ್ನು ಬಿಟ್ಟರೆ ಇಲ್ಲವೆ ಸೇರಿಸಿದರೆ ಸಾಕು, ತಾಳೆಯಾಗುತ್ತದೆ. 44,100ರಲ್ಲಿ ಒಂದು ಕಡಿಮೆಯಾದದ್ದನ್ನು ಗುರುತಿಸುವ ಕಿವಿ ಯಾರಿಗೂ ಇಲ್ಲ, ವೀಣೆಯ ವಿದ್ವಾಂಸರಿಗೂ.

ಜೋಡಣೆ

ಆಂಪ್ಲಿಫೈಯರಿಗೆ ಬೋರ್ಡಿನಿಂದ ಮೂರು ಸಂಕೇತದ ತಂತಿಗಳು: ಬಿಸಿಎಲ್‌ಕೆ ಎಂಬುದು 26ನೆಯ ಪಿನ್ನಿಗೆ, ಎಲ್‌ಆರ್‌ಸಿ 25ಕ್ಕೆ, ಡಿನ್ 22ಕ್ಕೆ. ತಂತ್ರಾಂಶದಲ್ಲಿ ಬೇರೆ ಪಿನ್ನುಗಳನ್ನೂ ಸೂಚಿಸಬಹುದು. ಆದರೆ 6ರಿಂದ 11ರವರೆಗಿನವು ಒಳಗಿನ ಸ್ಮರಣೆಗೆ ಮೀಸಲು, ವ್ರೋವರ್‌ನಲ್ಲಿ 16, 17 ಕೂಡ ಹಾಗೆಯೇ, 34ರಿಂದ ಮೇಲಿನವು ಸಂಕೇತವನ್ನು ಪಡೆಯಬಲ್ಲವೇ ಹೊರತು ಕೊಡಲಾರವು. ಉಳಿದಂತೆ 5 ವೋಲ್ಟ್ ಮತ್ತು ಗ್ರೌಂಡ್. ಗೇನ್ ಎಂಬ ಪಿನ್ನನ್ನು ಹಾಗೆಯೇ ಬಿಟ್ಟರೆ ವರ್ಧನೆ 9 ಡೆಸಿಬೆಲ್. 5 ವೋಲ್ಟಿಗೆ ಸೇರಿಸಿದರೆ 6ಕ್ಕೆ ಇಳಿಯುತ್ತದೆ. ಮಲಗುವ ಕೋಣೆಗೆ ಇದೇ ಲೇಸು. ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಮುಟ್ಟಿಸತಕ್ಕದ್ದಲ್ಲ. ಹಳೆಯ ರೇಡಿಯೋ ಬಿಚ್ಚಿ ಅಭ್ಯಾಸವಿದ್ದವರು ಒಂದನ್ನು ಗ್ರೌಂಡಿಗೆ ಕೊಟ್ಟು ಈ ಚಿಪ್ಪನ್ನು ಸುಟ್ಟುಕೊಳ್ಳುವುದುಂಟು.

ಯಜಮಾನ ಗಣಕಕ್ಕೆ ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪಾಗಲಿ, ರಾಸ್ಪ್‌ಬೆರಿ ಪೈ ಆಗಲಿ ಸಾಕು. ಅದರಲ್ಲಿ ಸ್ನ್ಯಾಪ್‌ಸರ್ವರ್, ಜೊತೆಗೆ ರೇಡಿಯೋ ಪ್ರಸಾರವನ್ನೂ ಮನೆಯಲ್ಲಿ ಕೂಡಿಟ್ಟ ಹಾಡುಗಳನ್ನೂ ನುಡಿಸಬಲ್ಲ ಎಂಪಿಡಿ ಎಂಬ ತಂತ್ರಾಂಶ. ಲ್ಯಾಪ್‌ಟಾಪು 20 ವ್ಯಾಟಿನಂತೆ ಹಗಲಿರುಳು ನಡೆದರೆ ತಿಂಗಳಿಗೆ 14 ಯೂನಿಟ್ಟಿಗೂ ಮೇಲೆ; ಪೈ 5 ವ್ಯಾಟಿನಂತೆ 4 ಯೂನಿಟ್ಟಿಗೆ ಒಳಗೆ. ಬೋರ್ಡುಗಳಿಗೆ ಇಎಸ್‌ಪಿ32ಕ್ಕೆಂದೇ ಹೊಂದಿಸಿದ ಸ್ನ್ಯಾಪ್‌ಕ್ಲೈಂಟ್ ಇದೆ. ವೈಫೈಯ ಹೆಸರು, ಗುಪ್ತಪದ, ಯಜಮಾನನ ವಿಳಾಸ, ಪಿನ್ನುಗಳ ಸಂಖ್ಯೆ ಇಷ್ಟನ್ನು ಭರ್ತಿ ಮಾಡಿ ಯುಎಸ್‌ಬಿ ತಂತಿಯಿಂದ ತುಂಬಿದರಾಯಿತು. ಮೊದಲ ಸಲ ಅರ್ಧ ದಿನ ಹಿಡಿಯುತ್ತದೆ. ಮೂರನೆಯ ಬೋರ್ಡಿಗೆ ಹತ್ತು ನಿಮಿಷ. ಪ್ರತಿ ಕೋಣೆಯ ದನಿಯನ್ನು ಬೇರೆಬೇರೆಯಾಗಿ ಮೊಬೈಲಿನಿಂದಲೇ ಏರಿಳಿಸಬಹುದು.

ಡೊಂಬಿವಲಿಯಲ್ಲಿ ಎರಡು ಉಪದ್ರವಗಳು ಕಾಣಿಸಿಕೊಂಡವು. ಅಡಿಗೆಮನೆಯ ಬೋರ್ಡು ದನಿ ಏರಿದಾಗಲೆಲ್ಲ ಸತ್ತು ಮತ್ತೆ ಹುಟ್ಟುತ್ತಿತ್ತು. ವೈಫೈ ಕಳುಹಿಸುವ ಕ್ಷಣದಲ್ಲಿ ಬೋರ್ಡೂ, ಗಟ್ಟಿ ದನಿಯ ಕ್ಷಣದಲ್ಲಿ ಆಂಪ್ಲಿಫೈಯರೂ ಒಟ್ಟಿಗೆ ವಿದ್ಯುತ್ ಎಳೆದಾಗ ಅಗ್ಗದ ಅಡಾಪ್ಟರಿನ ವೋಲ್ಟೇಜು ಕುಸಿಯುತ್ತಿತ್ತು. ಬಿಐಎಸ್ ಗುರುತಿನ ಒಳ್ಳೆಯ ಅಡಾಪ್ಟರು ಹಾಗೂ ಆಂಪ್ಲಿಫೈಯರಿನ ಬುಡದಲ್ಲಿ 1,000 ಮೈಕ್ರೋಫ್ಯಾರಡ್‌ನ ಕೆಪಾಸಿಟರು ಅದನ್ನು ಗುಣಪಡಿಸಿದವು. ಗೋಡೆಯ 230 ವೋಲ್ಟಿಗೆ ನೇರವಾಗಿ ಕೈಹಾಕುವ ಸಾಹಸವನ್ನು ಯಾರೂ ಮಾಡಕೂಡದು. ಸಿದ್ಧ ಅಡಾಪ್ಟರೇ ಸರಿ. ಎರಡನೆಯದು ಒಳಕೋಣೆಯ ತಡವರಿಕೆ. ಈ ಬೋರ್ಡು 2.4 ಗಿಗಾಹರ್ಟ್ಸನ್ನು ಮಾತ್ರ ಕೇಳಬಲ್ಲದು. ಅದೇ ಪಟ್ಟಿಯಲ್ಲಿ ಇಡೀ ಕಟ್ಟಡದ ರೌಟರುಗಳೂ ಮೈಕ್ರೋವೇವ್ ಒಲೆಗಳೂ ಗದ್ದಲ ಮಾಡುತ್ತವೆ. ಅಲ್ಲಿ ಪರಸ್ಪರ ತಾಗದ ಚಾನೆಲುಗಳು 1, 6, 11 ಮೂರೇ. ನೆರೆಹೊರೆಯವರೆಲ್ಲ 6ರಲ್ಲಿದ್ದುದರಿಂದ 11ಕ್ಕೆ ಬದಲಾಯಿಸಲಾಯಿತು. ಜೊತೆಗೆ ವಿದ್ಯುತ್ ಉಳಿಸಲು ಬೋರ್ಡು ನಡುನಡುವೆ ತೂಕಡಿಸುವ ಅಭ್ಯಾಸವನ್ನು ತಂತ್ರಾಂಶದಲ್ಲಿ ನಿಲ್ಲಿಸಿದ ಮೇಲೆ ತಡವರಿಕೆ ಹೋಯಿತು.

ಸ್ಪೀಕರನ್ನು ಎಲ್ಲಿ ಇಡಬೇಕು? ಹಾಸಿಗೆಯ ತಲೆದೆಸೆಯಿಂದ ಸುಮಾರು ಒಂದು ಮೀಟರ್ ದೂರ, ಕುಳಿತವರ ಕಿವಿಯ ಎತ್ತರಕ್ಕೆ, ಮುಖ ಅವರ ಕಡೆಗೆ. ಮೂಲೆಗೊತ್ತಿ ಇಟ್ಟರೆ ಮಂದ್ರದ ಗುಂಯ್ ದನಿ ಹೆಚ್ಚಿ ವ್ಯಂಜನಗಳು ಮುಚ್ಚಿಹೋಗುತ್ತವೆ. ಅಡಾಪ್ಟರಿನ ತಂತಿಯನ್ನು ವೃದ್ಧರು ರಾತ್ರಿ ನಡೆದಾಡುವ ದಾರಿಯಲ್ಲಿ ನೆಲದ ಮೇಲೆ ಬಿಡತಕ್ಕದ್ದಲ್ಲ. ಕಿವಿಗೆ ಸುಖ ಕೊಡಲು ಹೋಗಿ ತೊಡೆಯ ಮೂಳೆ ಮುರಿಸಿದ ಹಾಗಾದೀತು.

ಈ ಪದ್ಧತಿಯಿಂದ ಆಗದ ಕೆಲಸವೂ ಇದೆ. ದನಿ ಒಂದು ಸೆಕೆಂಡು ತಡವಾಗಿ ಬರುವುದರಿಂದ ದೂರದರ್ಶನದ ಧಾರಾವಾಹಿಗೆ ಇದು ನಿರುಪಯೋಗಿ. ತುಟಿ ಮುಚ್ಚಿದ ಮೇಲೆ ಮಾತು ಬರುತ್ತದೆ. ತುಟಿಯ ಚಲನೆ ನೋಡಿ ಅರ್ಥ ಊಹಿಸುವುದು ಕಿವಿ ಮಂದವಾದವರ ದೊಡ್ಡ ಆಸರೆಯಾದ್ದರಿಂದ ಅದನ್ನು ಕೆಡಿಸಬಾರದು. ಟಿ.ವಿ.ಗೆ ಅದರದೇ ತಂತಿಯ ಸ್ಪೀಕರು ಹತ್ತಿರವಿಡುವುದು ಒಳ್ಳೆಯದು. ರೇಡಿಯೋ, ಭಜನೆ, ಕಛೇರಿ, ಪುಸ್ತಕ ವಾಚನ ಇವುಗಳಿಗೆ ಮಾತ್ರ ಇದು ಹೇಳಿ ಮಾಡಿಸಿದ್ದು.

ಎಲ್ಲವೂ ಸರಿಹೊಂದಿದ ದಿನ ಬೆಳಿಗ್ಗೆ ಕನ್ನಡ ವಾರ್ತೆ ಮೂರೂ ಕಡೆ ಒಂದೇ ದನಿಯಾಗಿ ಹರಿಯಿತು. ಅಜ್ಜಿ ಒಳಕೋಣೆಯಿಂದ ಎದ್ದು ಅಡಿಗೆಮನೆಗೆ, ಅಲ್ಲಿಂದ ಹಜಾರಕ್ಕೆ ನಡೆದು ಬಂದರು. ವಾಕ್ಯ ಎಲ್ಲೂ ತುಂಡಾಗಲಿಲ್ಲ. ಮಗ ಅಭ್ಯಾಸಬಲದಿಂದ ಮೊಬೈಲು ಹಿಡಿದು ದನಿ ಏರಿಸಲು ಹೊರಟಿದ್ದ. ಸೊಪ್ಪು ಸೋಸಲು ಕುಳಿತಿದ್ದ ತಾಯಿ ತಲೆ ಎತ್ತದೆ ಹೇಳಿದರು: “ಇಷ್ಟು ಜೋರ ಯಾಕಪಾ? ಹುಡುಗ ಓದಲಿಕತ್ತಾನ. ಸ್ವಲ್ಪ ಸಣ್ಣಗ ಮಾಡು.”